ಅಜ್ಜ ಬಂದಾಗ ಅಲ್ಲಿ ಯಾರಿದ್ದರು?

ವಯಸ್ಸು ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಒಂದು ಹೊಸ ಕುತೂಹಲ ಹುಟ್ಟುತ್ತದೆ. ಅಪ್ಪ ಬದುಕಿದ್ದಾಗ ಕೇಳದೆ ಬಿಟ್ಟ ಪ್ರಶ್ನೆಗಳು ಒಂದೊಂದಾಗಿ ನೆನಪಾಗತೊಡಗುತ್ತವೆ. ತಾತನ ತಂದೆಯ ಹೆಸರೇನು? ಈ ಊರಿಗೆ ಬರುವ ಮುನ್ನ ನಮ್ಮವರು ಎಲ್ಲಿದ್ದರು? ಯಾಕೆ ಊರು ಬಿಟ್ಟರು? ಹೇಳಬೇಕಾದವರು ಅಷ್ಟರಲ್ಲಿ ಮಣ್ಣಾಗಿರುತ್ತಾರೆ. ಉಳಿದಿರುವುದು ಹಳೆಯ ಪೆಟ್ಟಿಗೆಯೊಳಗಿನ ಒಂದೆರಡು ಕಾಗದ, ಗೋಡೆಯ ಮೇಲಿನ ಮಾಸಿದ ಫೋಟೊ, ಅಜ್ಜಿಯ ಬಾಯಲ್ಲಿ ಕೇಳಿದ ಅರ್ಧ ಕಥೆ. ಕಥೆ ಬರೆಯುವ ನನ್ನಂಥವರಿಗಂತೂ ಈ ಅರ್ಧ ಕಥೆಗಳ ಮೇಲೆ ವಿಶೇಷ ಮೋಹ. ಉಳಿದರ್ಧವನ್ನು ನಾವೇ ಕಟ್ಟಿಬಿಡಬಹುದಲ್ಲ!

ಆದರೆ ಈ ಹುಡುಕಾಟದಲ್ಲಿ ಎರಡು ಪ್ರಶ್ನೆಗಳಿವೆ. ನಮ್ಮ ಹಿರಿಯರು ಎಲ್ಲಿಂದ ಬಂದರು ಎಂಬುದು ಮೊದಲನೆಯದು. ಇದನ್ನು ಎಲ್ಲರೂ ಕೇಳುತ್ತಾರೆ. ಅವರು ಬಂದಾಗ ಅಲ್ಲಿ ಯಾರಿದ್ದರು ಎಂಬುದು ಎರಡನೆಯದು. ಇದನ್ನು ಕೇಳುವವರು ಕಡಿಮೆ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಹೆಮ್ಮೆಯಾಗುತ್ತದೆ, ಕಣ್ಣು ಒದ್ದೆಯಾಗುತ್ತದೆ. ಎರಡನೆಯದಕ್ಕೆ ಸಿಕ್ಕರೆ ನಿದ್ದೆ ಕೆಡುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳುವ ಹೊಣೆ ಮೊಮ್ಮಕ್ಕಳಿಗೆ ಇದೆಯೇ? ಇದ್ದರೆ, ಉತ್ತರ ಸಿಕ್ಕ ಮೇಲೆ ಮಾಡುವುದೇನು? ಇದನ್ನು ಯೋಚಿಸಲು ನನಗೆ ನೆರವಾದದ್ದು ನಮ್ಮಿಂದ ಬಹುದೂರದ ಒಂದು ಸಮುದಾಯದ ಕಥೆ. ಅಮೆರಿಕ ಮತ್ತು ಕೆನಡಾಗಳ ಒಳನಾಡಿನಲ್ಲಿ ಹಬ್ಬಿರುವ, 'ಪ್ರೇರಿ' ಎಂದು ಕರೆಯಲಾಗುವ ಮರಗಳಿಲ್ಲದ ಹುಲ್ಲುಬಯಲಿಗೆ ಬಂದು ನೆಲೆಸಿದ ಜರ್ಮನ್ ಭಾಷಿಕರ ಕಥೆ ಅದು.

ಜರ್ಮನರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ನಿಘಂಟಿನ ಕಿಟ್ಟೆಲ್, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್. ಈ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ವುರ್ಟೆಂಬರ್ಗ್ ಎಂಬ ರಾಜ್ಯದಲ್ಲಿ. ಅವರು ಇನ್ನೂ ಐದಾರು ವರ್ಷದ ಬಾಲಕರಾಗಿದ್ದಾಗ ಆ ನಾಡಿಗೆ ಭೀಕರ ಬರ ಬಂತು. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಅದರ ಬೂದಿ ಆಕಾಶಕ್ಕೆ ಏರಿ, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು. 1817ರಲ್ಲಿ ವುರ್ಟೆಂಬರ್ಗಿನ ಸಾವಿರಾರು ಜನ ಉಲ್ಮ್ ಪಟ್ಟಣದಲ್ಲಿ ದೋಣಿ ಹತ್ತಿ, ಡ್ಯಾನ್ಯೂಬ್ ನದಿಯ ಗುಂಟ ಕಪ್ಪು ಸಮುದ್ರದ ಕಡೆಗೆ ಹೊರಟರು. ದಾರಿಯಲ್ಲೇ ಎಷ್ಟೋ ಮಂದಿ ಸತ್ತರು. ಉಳಿದವರು ರಷ್ಯಾ ಸಾಮ್ರಾಜ್ಯದ ರೈತರಾದರು. ಒಂದೇ ನಾಡಿನ ಒಬ್ಬ ಮಗ ನಮ್ಮ ಕರಾವಳಿಗೆ ಬಂದರೆ, ಅವನ ನೆರೆಹೊರೆಯವರು ಅತ್ತ ಹೋದರು. ಪ್ರೇರಿಗೆ ಬಂದ ಜರ್ಮನರಲ್ಲಿ ದೊಡ್ಡದೊಂದು ಪಾಲು ಜರ್ಮನಿಯಿಂದ ನೇರವಾಗಿ ಬಂದವರಲ್ಲ, ಹೀಗೆ ರಷ್ಯಾದಲ್ಲಿ ನೂರು ವರ್ಷ ಬಾಳಿ ಬಂದವರು.

ರಷ್ಯಾಕ್ಕೆ ಅವರನ್ನು ಕರೆದದ್ದು ಒಂದು ರಾಜಾಜ್ಞೆ. ರಾಣಿ ಕ್ಯಾಥರೀನ್ ತಾನೇ ಜರ್ಮನ್ ಮೂಲದವಳು. 1763ರ ಜುಲೈಯಲ್ಲಿ ಅವಳು ಹೊರಡಿಸಿದ ಪ್ರಕಟಣೆಯಲ್ಲಿ ಉಚಿತ ಭೂಮಿ, 30 ವರ್ಷಗಳವರೆಗೆ ತೆರಿಗೆ ವಿನಾಯಿತಿ, ಸೈನ್ಯ ಸೇವೆಯಿಂದ ಬಿಡುಗಡೆ, ಧರ್ಮ ಸ್ವಾತಂತ್ರ್ಯ ಎಲ್ಲವೂ ಇದ್ದವು. ಏಳು ವರ್ಷಗಳ ಯುದ್ಧದಲ್ಲಿ ಬೆಂದು ಹೋಗಿದ್ದ ಬಡ ರೈತರಿಗೆ ಇನ್ನೇನು ಬೇಕು? ಕೆಲವೇ ವರ್ಷಗಳಲ್ಲಿ ಸುಮಾರು 30,000 ಮಂದಿ ವೋಲ್ಗಾ ನದಿಯ ದಂಡೆಗೆ ಬಂದು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕಟ್ಟಿದರು.

ಇಂದು ಅವರ ಸಂತತಿಯವರು ಈ ಪ್ರಕಟಣೆಯನ್ನು ಗೌರವದಿಂದ ನೆನೆಯುತ್ತಾರೆ. ಆದರೆ ಅದರಲ್ಲಿ ಹೆಚ್ಚಿನವರು ಓದದೆ ದಾಟುವ ಒಂದು ಕಲಮು ಇದೆ. ವಲಸೆ ಬಂದವರು ಇತರ ಕ್ರೈಸ್ತ ಪಂಗಡದವರನ್ನು ತಮ್ಮ ಪಂಗಡಕ್ಕೆ ಸೆಳೆಯಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿ, ಅದು ಒಂದು ವಿನಾಯಿತಿ ಕೊಡುತ್ತದೆ. ಸಾಮ್ರಾಜ್ಯದ ಗಡಿಯಲ್ಲಿರುವ ಮುಸ್ಲಿಮ್ ಜನಾಂಗಗಳನ್ನು ಮಾತ್ರ ಕ್ರೈಸ್ತ ಧರ್ಮಕ್ಕೆ ಒಲಿಸಿಕೊಳ್ಳಬಹುದು, ತಮ್ಮ ಅಧೀನಕ್ಕೂ ತಂದುಕೊಳ್ಳಬಹುದು ಎಂದು. ಒಂದೇ ಕಾಗದದಲ್ಲಿ ಒಬ್ಬರಿಗೆ ಸ್ವಾತಂತ್ರ್ಯ, ಇನ್ನೊಬ್ಬರಿಗೆ ದಾಸ್ಯ. ಆ ಕಾಗದವನ್ನು ಓದಿ ಹೊರಟ ರೈತನಿಗೆ ಗಡಿಯ ಮುಸ್ಲಿಮರು ಯಾರೆಂದೂ ಗೊತ್ತಿರಲಿಲ್ಲ. ಅವನ ಹಸಿವು ನಿಜ, ಅವನ ಆಸೆ ನ್ಯಾಯವಾದದ್ದು. ಆದರೂ ಅವನಿಗೆ ಸಿಕ್ಕ ಭೂಮಿಯ ಪತ್ರದಲ್ಲಿ ಇನ್ನೊಬ್ಬನ ಹೆಸರು ಅಳಿಸಿಹೋಗಿತ್ತು.

ಆ ಇನ್ನೊಬ್ಬ ಯಾರು? ಕಪ್ಪು ಸಮುದ್ರದ ಉತ್ತರಕ್ಕೆ ಹಬ್ಬಿದ ಹುಲ್ಲುಗಾವಲುಗಳಲ್ಲಿ ಕುರಿ, ಕುದುರೆ ಮೇಯಿಸುತ್ತ ತಿರುಗುತ್ತಿದ್ದವರು ನೊಗಾಯ್ ತಾತಾರರು. ರಷ್ಯಾ ಮತ್ತು ಉಸ್ಮಾನಿ ತುರ್ಕರ ಯುದ್ಧಗಳಲ್ಲಿ ಆ ನೆಲ ತುಂಡು ತುಂಡಾಗಿ ರಷ್ಯಾದ ಪಾಲಾಯಿತು. ಬೆಸರಾಬಿಯಾದ ಬುಜಾಕ್ ಬಯಲಿನ ನೊಗಾಯರನ್ನು 1806ರ ನಂತರದ ಯುದ್ಧಕಾಲದಲ್ಲಿ ಅಲ್ಲಿಂದ ಎಬ್ಬಿಸಲಾಯಿತು. 1812ರಲ್ಲಿ ಆ ಪ್ರದೇಶ ಅಧಿಕೃತವಾಗಿ ರಷ್ಯಾಕ್ಕೆ ಸೇರಿತು. 1814ರಿಂದ ಅಲ್ಲಿ ಜರ್ಮನ್ ಹಳ್ಳಿಗಳು ಎದ್ದವು. ಅವಕ್ಕೆ ಇಟ್ಟ ಹೆಸರುಗಳು ಬೊರೊದಿನೊ, ತರುತಿನೊ, ಲೈಪ್‌ಜಿಗ್, ಕುಲ್ಮ್. ಎಲ್ಲವೂ ನೆಪೋಲಿಯನ್ ವಿರುದ್ಧದ ಯುದ್ಧಗಳು ನಡೆದ ಜಾಗಗಳ ಹೆಸರುಗಳು. ಹುಲ್ಲು, ಹಳ್ಳ, ಬಾವಿಗಳಿಗೆ ಕುರಿಗಾಹಿಗಳು ಇಟ್ಟಿದ್ದ ಹೆಸರುಗಳ ಮೇಲೆ ಸೈನ್ಯದ ಹೆಸರುಗಳು ಕುಳಿತವು.

ಆದರೆ ಮಾತು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಈ ಜರ್ಮನರು ಕಲ್ಲಂಗಡಿ ಹಣ್ಣಿಗೆ 'ಅರ್ಬೂಸ್' ಎನ್ನುತ್ತಾರೆ. ಇದು ಫಾರಸಿಯ 'ಖರ್ಬೂಜಾ'. ತುರ್ಕಿಯನ್ನು ದಾಟಿ ರಷ್ಯನ್‌ಗೆ ಬಂದು ಅಲ್ಲಿಂದ ಜರ್ಮನ್ ರೈತನ ಬಾಯಿಗೆ ಬಿತ್ತು. ನಮ್ಮ ಕರಬೂಜವೂ ಅದೇ ಮಾತು, ಹಣ್ಣು ಮಾತ್ರ ಬೇರೆ. ಕಲ್ಲಂಗಡಿ ಬೆಳೆಯುವ ಹೊಲಕ್ಕೆ ಅವರು 'ಬಶ್ತಾನ್' ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ಶೇಖ್ ಸಾದಿಯ 'ಬೂಸ್ತಾನ್' ಹೆಸರು ಕೇಳಿ ಬೆಳೆದ ನನಗೆ, ಉತ್ತರ ಡಕೋಟಾದ ಜರ್ಮನ್ ಮುದುಕಿಯರು ಅದೇ ಮಾತನ್ನು ಆಡುತ್ತಿದ್ದರೆಂದು ಓದಿದಾಗ ಒಂದು ಕ್ಷಣ ಏನೂ ತೋಚಲಿಲ್ಲ. ಖೀಮಾ ತುಂಬಿ ಎಣ್ಣೆಯಲ್ಲಿ ಕರಿದ ಅವರ ಹಬ್ಬದ ತಿಂಡಿಯೂ ಮೂಲದಲ್ಲಿ ಕ್ರೈಮಿಯಾ ತಾತಾರರ 'ಚೆಬುರೆಕ್'. ನೆಲದಿಂದ ಹೋದವರು ನಾಲಗೆಯಲ್ಲಿ ಉಳಿದರು. ವಂಶವೃಕ್ಷದಲ್ಲಿ ಅವರಿಗೆ ಜಾಗವಿಲ್ಲ, ಅಡುಗೆಮನೆಯಲ್ಲಿ ಇದೆ.

ರಾಣಿಯ ಮಾತು ನೂರು ವರ್ಷ ನಡೆಯಿತು. 1871ರಲ್ಲಿ ಎರಡನೆಯ ಅಲೆಕ್ಸಾಂಡರ್ ವಲಸಿಗರ ವಿಶೇಷ ಹಕ್ಕುಗಳನ್ನು ರದ್ದು ಮಾಡಿದ. 1874ರಲ್ಲಿ ಸೈನ್ಯ ಸೇವೆ ಎಲ್ಲರಿಗೂ ಕಡ್ಡಾಯವಾಯಿತು. ಶಸ್ತ್ರ ಹಿಡಿಯುವುದನ್ನೇ ಪಾಪವೆಂದು ನಂಬಿದ ಮೆನೊನೈಟ್ ಪಂಗಡದವರಿಗೆ ಇದು ಧರ್ಮಸಂಕಟ. ಉಳಿದವರಿಗೆ ವಚನಭಂಗ. ಮತ್ತೆ ಗಂಟುಮೂಟೆ ಕಟ್ಟಿದರು. 1874ರಿಂದ ಹತ್ತು ವರ್ಷಗಳಲ್ಲಿ ಮೆನೊನೈಟರೇ ಸುಮಾರು 18,000 ಮಂದಿ ಉತ್ತರ ಅಮೆರಿಕಕ್ಕೆ ಹೊರಟರು. ಲೂಥರನ್ನರು, ಕೆಥೊಲಿಕರು ಡಕೋಟಾ, ನೆಬ್ರಾಸ್ಕಾ, ಕಾನ್ಸಾಸ್, ಕೆನಡಾದ ಸಸ್ಕಾಚೆವಾನ್‌ಗಳಲ್ಲಿ ಹರಡಿದರು. 1920ರ ಹೊತ್ತಿಗೆ ಅಮೆರಿಕದಲ್ಲಿ ಮೊದಲ ಮತ್ತು ಎರಡನೆಯ ತಲೆಮಾರಿನವರು ಸೇರಿ ಸುಮಾರು ಮೂರು ಲಕ್ಷದಷ್ಟಾಗಿದ್ದರು.

ಅವರ ಮೊದಲ ವರ್ಷಗಳ ಬದುಕನ್ನು ಓದಿದರೆ ಯಾರಿಗಾದರೂ ತಲೆಬಾಗಬೇಕೆನಿಸುತ್ತದೆ. ಮರವಿಲ್ಲದ ಬಯಲು. ಹುಲ್ಲನ್ನು ಬೇರು ಸಮೇತ ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಕಟ್ಟಿದರು. ಸೌದೆಯಿಲ್ಲ, ಆದ್ದರಿಂದ ಸೆಗಣಿಗೆ ಹುಲ್ಲು ಬೆರೆಸಿ ತುಳಿದು, ಬಿಲ್ಲೆ ಕತ್ತರಿಸಿ ಒಣಗಿಸಿ ಒಲೆಗೆ ಹಾಕಿದರು. ನಮ್ಮ ಬಯಲುಸೀಮೆಯ ಹೆಂಗಸರಿಗೆ ಈ ಬೆರಣಿಯ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಮದ ಗಾಳಿ, ಮಿಡತೆ, ಹುಲ್ಲಿಗೆ ಬೀಳುವ ಬೆಂಕಿ ಎಲ್ಲವನ್ನೂ ತಡೆದುಕೊಂಡರು. ಸತ್ತ ಮಕ್ಕಳ ಗೋರಿಯ ಮೇಲೆ ಊರಿನ ಕಮ್ಮಾರ ಕಬ್ಬಿಣದ ಶಿಲುಬೆ ಬಡಿದು ನಿಲ್ಲಿಸಿದ. ಉತ್ತರ ಡಕೋಟಾದ ಸ್ಮಶಾನಗಳಲ್ಲಿ ಆ ಶಿಲುಬೆಗಳು ಇಂದಿಗೂ ಇವೆ. ರಷ್ಯಾದಿಂದ ತಂದ 'ಟರ್ಕಿ ರೆಡ್' ಎಂಬ ಗೋಧಿ ಕಾನ್ಸಾಸ್‌ನ ಭಾಗ್ಯವನ್ನೇ ಬದಲಿಸಿತು. ಹೊರಡುವ ಮುನ್ನ ಮಕ್ಕಳು ಒಂದೊಂದೇ ಕಾಳನ್ನು ಕೈಯಿಂದ ಆರಿಸಿ ಪೆಟ್ಟಿಗೆ ತುಂಬಿದರು ಎಂಬ ಕಥೆಯನ್ನು ಅಲ್ಲಿ ಮನೆಮನೆಯಲ್ಲಿ ಹೇಳುತ್ತಾರೆ.

ಅದೇ ಪೆಟ್ಟಿಗೆಗಳಲ್ಲಿ ಇನ್ನೊಂದೂ ಬಂದಿತ್ತು. 1870ರ ದಶಕದಲ್ಲಿ ರಷ್ಯಾದಿಂದ ಬಂದ ಅಗಸೆ ಬೀಜದ ಜೊತೆ ಬೆರೆತು ಒಂದು ಕಳೆಯ ಬೀಜ ದಕ್ಷಿಣ ಡಕೋಟಾದಲ್ಲಿ ಇಳಿಯಿತು. ಒಣಗಿದ ಮೇಲೆ ಬುಡ ಕಳಚಿ ಗಾಳಿಗೆ ಉರುಳುತ್ತ ಹೋಗುವ ಮುಳ್ಳುಗಿಡ ಅದು. ಅಮೆರಿಕದ ಕೌಬಾಯ್ ಸಿನಿಮಾಗಳಲ್ಲಿ ಖಾಲಿ ಬೀದಿಯಲ್ಲಿ ಉರುಳುವ ಗಿಡ ಅದೇ. ಆ ಕಥೆಯನ್ನು ಯಾವ ಮನೆಯಲ್ಲೂ ಅಷ್ಟು ಪ್ರೀತಿಯಿಂದ ಹೇಳುವುದಿಲ್ಲ. ಆರಿಸಿ ತಂದದ್ದನ್ನು ನೆನಪಿಡುತ್ತೇವೆ, ಆರಿಸದೆ ತಂದದ್ದನ್ನು ಮರೆಯುತ್ತೇವೆ.

ಆಮೇಲೆ ಬಂತು ಮೊದಲ ಮಹಾಯುದ್ಧ. ಜರ್ಮನ್ ಮಾತಾಡುವುದೇ ಅಪರಾಧವಾಯಿತು. 1918ರಲ್ಲಿ ಅಯೊವಾ ರಾಜ್ಯದ ಗವರ್ನರ್ ಸಾರ್ವಜನಿಕ ಸ್ಥಳ, ರೈಲು, ಟೆಲಿಫೋನ್, ಕಡೆಗೆ ಚರ್ಚಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದೆಂದು ಸಾರಿದರು. ನೆಬ್ರಾಸ್ಕಾದಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸಿದ ಲೂಥರನ್ ಶಾಲೆಯ ಶಿಕ್ಷಕನಿಗೆ 25 ಡಾಲರ್ ದಂಡ ಬಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಆ ಕಾನೂನನ್ನು ತಳ್ಳಿಹಾಕಿತೇನೋ ನಿಜ. ಆದರೆ ಅಷ್ಟರಲ್ಲಿ ತಾಯಂದಿರು ಮಕ್ಕಳ ಜೊತೆ ಮನೆಮಾತು ಆಡಲು ಹೆದರತೊಡಗಿದ್ದರು. ಮನೆಮಾತು ಹೋದ ಮನೆಯಲ್ಲಿ ಹಿಂದಿನ ಕಥೆಯೂ ನಿಲ್ಲುತ್ತದೆ. ಮೊಮ್ಮಕ್ಕಳಿಗೆ ತಾವು ಜರ್ಮನರೋ ರಷ್ಯನ್ನರೋ ತಿಳಿಯದಾಯಿತು.

ಹುಡುಕಾಟ ಶುರುವಾದದ್ದು ಈ ಮೊಮ್ಮಕ್ಕಳಿಂದ. 1968ರಲ್ಲಿ ಕೊಲೊರಾಡೊದಲ್ಲಿ, 1971ರಲ್ಲಿ ಉತ್ತರ ಡಕೋಟಾದಲ್ಲಿ 'ರಷ್ಯಾದಿಂದ ಬಂದ ಜರ್ಮನರ' ಸಂಘಗಳು ಹುಟ್ಟಿದವು. ಚರ್ಚಿನ ಜನನ-ಮರಣದ ರಿಜಿಸ್ಟರ್, ಹಡಗಿನ ಪ್ರಯಾಣಿಕರ ಪಟ್ಟಿ, 1874ರಲ್ಲಿ ಡಕೋಟಾದಲ್ಲೇ ಶುರುವಾದ 'ಡಕೋಟಾ ಫ್ರೈ ಪ್ರೆಸ್ಸೆ' ಎಂಬ ಜರ್ಮನ್ ಪತ್ರಿಕೆಯ ಹಳೆಯ ಸಂಚಿಕೆಗಳು, ಎಲ್ಲವನ್ನೂ ಜಾಲಾಡಿದರು. ಆ ಪತ್ರಿಕೆಯಲ್ಲಿ ರಷ್ಯಾದಲ್ಲೇ ಉಳಿದ ಬಂಧುಗಳ ಪತ್ರಗಳು ಅಚ್ಚಾಗುತ್ತಿದ್ದವು. 1921-22ರ ವೋಲ್ಗಾ ಬರಗಾಲ, ಜಮೀನು ಕಿತ್ತುಕೊಂಡ ಸರಕಾರ, 1932-33ರ ಇನ್ನೊಂದು ಬರಗಾಲ. ಆಮೇಲೆ ಪತ್ರಗಳೇ ನಿಂತವು. 1941ರ ಆಗಸ್ಟ್ 28ರಂದು ಸ್ಟಾಲಿನ್ ಸರಕಾರ ವೋಲ್ಗಾ ಜರ್ಮನರೆಲ್ಲರನ್ನೂ ಶತ್ರುವಿನ ಗೂಢಚಾರರೆಂದು ಕರೆದು ಗಡೀಪಾರು ಮಾಡಿತು. ವೋಲ್ಗಾ ಪ್ರದೇಶವೊಂದರಿಂದಲೇ ನಾಲ್ಕು ಲಕ್ಷದಷ್ಟು ಜನರನ್ನು ರೈಲಿನ ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೂ ಕಜಾಕಿಸ್ತಾನಕ್ಕೂ ಸಾಗಿಸಲಾಯಿತು. ಆ ಸಾಮೂಹಿಕ ಆರೋಪವನ್ನು ಸರಕಾರ ಹಿಂತೆಗೆದುಕೊಂಡದ್ದು 1964ರಲ್ಲಿ. ಅಜ್ಜನ ಅಣ್ಣನ ಮನೆಯವರು ಹೀಗೆ ಅಳಿದರೆಂದು ತಿಳಿದ ಮೊಮ್ಮಗಳು ಅತ್ತರೆ ಅದು ನಾಟಕವಲ್ಲ.

ಇಲ್ಲಿಯವರೆಗಿನದು ಮೊದಲ ಪ್ರಶ್ನೆಯ ಉತ್ತರ. ಎರಡನೆಯದಕ್ಕೆ ಬರೋಣ.

1862ರ ಹೋಮ್‌ಸ್ಟೆಡ್ ಕಾನೂನಿನಂತೆ, ಐದು ವರ್ಷ ನೆಲೆಸಿ ಉಳುಮೆ ಮಾಡಿದವನಿಗೆ ಅಲ್ಪ ಶುಲ್ಕಕ್ಕೆ 160 ಎಕರೆ ದೊರೆಯುತ್ತಿತ್ತು. ನಿನ್ನೆ ಹಡಗಿನಿಂದ ಇಳಿದ ಪರದೇಶಿಯೂ ನಾಗರಿಕನಾಗುವ ಇರಾದೆ ಬರೆದುಕೊಟ್ಟರೆ ಸಾಕು. ಅದೇ ನೆಲದಲ್ಲಿ ಹುಟ್ಟಿದ ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ನಾಗರಿಕತ್ವ ಸಿಕ್ಕಿದ್ದು 1924ರಲ್ಲಿ! ಕಾನೂನು ಬಂದ ವರ್ಷವೇ ಮಿನೆಸೋಟಾದಲ್ಲಿ ಹಸಿವಿನಿಂದ ದಂಗೆಯೆದ್ದ ಡಕೋಟಾ ಜನರಲ್ಲಿ 38 ಮಂದಿಯನ್ನು ಡಿಸೆಂಬರ್ 26ರಂದು ಒಂದೇ ದಿನ ಗಲ್ಲಿಗೇರಿಸಿದರು. 1868ರಲ್ಲಿ ಲಕೋಟಾ ಜನರೊಡನೆ ಒಪ್ಪಂದವಾಯಿತು, 1877ರಲ್ಲಿ ಸರಕಾರವೇ ಅದನ್ನು ಮುರಿದು ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಕಿತ್ತುಕೊಂಡಿತು. 1889ರಲ್ಲಿ ಅವರ ದೊಡ್ಡ ಮೀಸಲು ಪ್ರದೇಶವನ್ನು ಒಡೆದು ಸುಮಾರು 90 ಲಕ್ಷ ಎಕರೆಯನ್ನು ಹೊರಗಿನವರಿಗೆ ತೆರೆದಿಟ್ಟರು. ಮರುವರ್ಷದ ಡಿಸೆಂಬರಿನಲ್ಲಿ ನಾಯಕ ಸಿಟ್ಟಿಂಗ್ ಬುಲ್‌ನನ್ನು ಸ್ಟ್ಯಾಂಡಿಂಗ್ ರಾಕ್ ಮೀಸಲು ಪ್ರದೇಶದಲ್ಲಿ ಕೊಂದರು. ಎರಡು ವಾರದಲ್ಲಿ ವೂಂಡೆಡ್ ನೀಯಲ್ಲಿ ಹೆಂಗಸರು ಮಕ್ಕಳೆನ್ನದೆ ಹತ್ಯಾಕಾಂಡವಾಯಿತು. ನಕ್ಷೆ ನೋಡಿದರೆ ಸ್ಟ್ಯಾಂಡಿಂಗ್ ರಾಕ್ ಇರುವುದು ಮಿಸೌರಿ ನದಿಯ ಪಶ್ಚಿಮ ದಂಡೆಯಲ್ಲಿ. ಪೂರ್ವ ದಂಡೆಯ ಎಮನ್ಸ್ ಕೌಂಟಿಯಲ್ಲಿ ಆ ವರ್ಷಗಳಲ್ಲೇ ಕಪ್ಪು ಸಮುದ್ರದ ಜರ್ಮನರು ತಮ್ಮ ಹಳೆಯ ಊರಿನ ಹೆಸರಿಟ್ಟು ಸ್ಟ್ರಾಸ್‌ಬರ್ಗ್ ಕಟ್ಟುತ್ತಿದ್ದರು. ಒಂದು ದಂಡೆಯಲ್ಲಿ ಮನೆ ಏಳುತ್ತಿತ್ತು, ಇನ್ನೊಂದರಲ್ಲಿ ಮನೆ ಮುರಿಯುತ್ತಿತ್ತು.

ಆ ರೈತರು ಯಾರನ್ನೂ ಕೊಲ್ಲಲಿಲ್ಲ ಎಂದು ಯಾರಾದರೂ ಹೇಳಿಯಾರು. ಪ್ರೇರಿಯ ಮಟ್ಟಿಗೆ ಆ ಮಾತನ್ನು ಬಹುಪಾಲು ಒಪ್ಪೋಣ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ರಷ್ಯಾದಲ್ಲೇ ಉಳಿದ ಕಪ್ಪು ಸಮುದ್ರದ ಜರ್ಮನರ ಹಳ್ಳಿಗಳಿಗೆ 1941ರಲ್ಲಿ ಹಿಟ್ಲರನ ಪಡೆಗಳು ಬಂದವು. ಒಡೆಸ್ಸಾದ ಉತ್ತರಕ್ಕಿರುವ ಕೆಲವು ಜರ್ಮನ್ ಹಳ್ಳಿಗಳ ಯುವಕರಿಗೆ ನಾಜಿಗಳು ತೋಳಿಗೆ ಪಟ್ಟಿ, ಕೈಗೆ ಬಂದೂಕು ಕೊಟ್ಟರು. 1942ರ ಆರಂಭದ ತಿಂಗಳುಗಳಲ್ಲಿ ಆ ಪಡೆಗಳು ಹತ್ತಾರು ಸಾವಿರ ಯಹೂದಿಗಳನ್ನು ಕೊಂದವು. ಸ್ಟಾಲಿನ್ ಕಾಲದಲ್ಲಿ ಹಸಿವು, ಜೈಲು ಕಂಡಿದ್ದ ಹಳ್ಳಿಗಳೇ ಅವು. ನೊಂದವನು ನೋಯಿಸಲಾರ ಎಂಬ ನಮ್ಮ ನಂಬಿಕೆ ಎಷ್ಟು ಬಡಪಾಯಿ ನೋಡಿ. ಇನ್ನು ಬೆಸರಾಬಿಯಾದ ಸುಮಾರು 93,000 ಜರ್ಮನರನ್ನು 1940ರಲ್ಲಿ ನಾಜಿ ಸರಕಾರ ತನ್ನ ಕಡೆಗೆ ಕರೆಸಿಕೊಂಡಿತು. ಆಮೇಲೆ ಅವರಲ್ಲಿ ಹೆಚ್ಚಿನವರನ್ನು ವಶಪಡಿಸಿಕೊಂಡ ಪೋಲೆಂಡಿನಲ್ಲಿ ಇಳಿಸಿತು. ಅವರಿಗೆ ಕೊಟ್ಟದ್ದು ಪೋಲಿಷ್ ರೈತರನ್ನು ಹೊರದಬ್ಬಿ ಖಾಲಿ ಮಾಡಿಸಿದ ಮನೆಗಳನ್ನು. ನೊಗಾಯರ ಹುಲ್ಲು, ಲಕೋಟಾ ಜನರ ಬಯಲು, ಈಗ ಪೋಲಿಷ್ ರೈತನ ಮನೆ. ಒಂದೇ ಸಮುದಾಯದ ಚರಿತ್ರೆಯಲ್ಲಿ ಮೂರು ಸಲ ಮೂರು ಸರಕಾರಗಳು ಬಂದು, ಇಗೋ ಜಾಗ ಖಾಲಿಯಿದೆ ಎಂದವು. ಮೂರು ಸಲವೂ ಅದು ಖಾಲಿಯಾಗಿರಲಿಲ್ಲ, ಖಾಲಿ ಮಾಡಿಸಲಾಗಿತ್ತು.

ವಂಶ ಹುಡುಕುವವರನ್ನು ನೇರವಾಗಿ ತಟ್ಟುವ ಸಂಗತಿ ಇನ್ನೊಂದಿದೆ. ಈ ಸಮುದಾಯದಲ್ಲಿ ಹಿರಿಯರನ್ನು ಹುಡುಕುವವರೆಲ್ಲ ಕೈಗೆತ್ತಿಕೊಳ್ಳುವ ಒಂದು ದಪ್ಪ ಗ್ರಂಥವಿದೆ. 1763ರಿಂದ 1862ರವರೆಗೆ ಜರ್ಮನಿಯಿಂದ ರಷ್ಯಾಕ್ಕೆ ಹೋದವರ ಪಟ್ಟಿ ಅದು. ಅಮೆರಿಕದ ಸಂಘವೇ ಅದನ್ನು 1970ರ ದಶಕದಲ್ಲಿ ಪ್ರಕಟಿಸಿತು. ಬರೆದವನು ಕಾರ್ಲ್ ಸ್ಟುಂಪ್, ಒಡೆಸ್ಸಾ ಬಳಿಯ ಜರ್ಮನ್ ಹಳ್ಳಿಯಲ್ಲಿ 1896ರಲ್ಲಿ ಹುಟ್ಟಿದವನು. 1941ರಿಂದ 1943ರವರೆಗೆ ಆತ ನಾಜಿ ಸರಕಾರದ ಪೂರ್ವ ಪ್ರದೇಶಗಳ ಮಂತ್ರಾಲಯದ ಪರವಾಗಿ ಒಂದು ವಿಶೇಷ ತಂಡದ ಮುಖ್ಯಸ್ಥನಾಗಿ ಉಕ್ರೇನಿನ ಹಳ್ಳಿಹಳ್ಳಿ ತಿರುಗಿದ. ಯಾವ ಮನೆಯಲ್ಲಿ ಎಷ್ಟು ಜರ್ಮನ್ ರಕ್ತ, ಎಲ್ಲಿ ಬೆರಕೆ ಎಂದು ಪಟ್ಟಿ ಮಾಡಿದ. ಆ ಮಂತ್ರಾಲಯದಲ್ಲಿ ಅವನ ಮೇಲಧಿಕಾರಿ ಗಿಯೋರ್ಗ್ ಲೈಬ್‌ಬ್ರಾಂಟ್ ಕೂಡ ಒಡೆಸ್ಸಾ ಸೀಮೆಯವನೇ. ಯಹೂದಿಗಳ ಸಂಹಾರದ ಯೋಜನೆ ಚರ್ಚೆಯಾದ 1942ರ ಜನವರಿ 20ರ ವಾನ್ಸೀ ಸಭೆಯಲ್ಲಿ ಆತ ಕುಳಿತಿದ್ದ. ಅದೇ ಸಮುದಾಯದ ಬಗ್ಗೆ ಸಂಶೋಧನೆ ಮಾಡುವ ಇಬ್ಬರು ವಿದ್ವಾಂಸರು 2000ದಲ್ಲಿ ಈ ಚರಿತ್ರೆಯನ್ನು ಬಿಚ್ಚಿಟ್ಟಾಗ ಹಲವರಿಗೆ ಕಸಿವಿಸಿಯಾಯಿತು. ಹಾಗೆಯೇ ನಾಜಿಗಳ ವಲಸೆ ಕಚೇರಿ ಈ ಜನರ ಜನಾಂಗೀಯ ಪರೀಕ್ಷೆ ಮಾಡಿ ಬರೆದ ಕಡತಗಳಿವೆ. ತಲೆಮಾರುಗಳ ಹೆಸರು, ಊರು, ಫೋಟೊ ಎಲ್ಲ ಅದರಲ್ಲಿವೆ. ಇಂದು ಮೊಮ್ಮಕ್ಕಳು ಅಜ್ಜಿಯ ಮುಖವನ್ನು ಮೊದಲ ಬಾರಿ ನೋಡುವುದು ಎಷ್ಟೋ ಸಲ ಆ ಕಡತದಲ್ಲೇ.

ಆ ಫೋಟೊವನ್ನು ಹರಿದು ಹಾಕಬೇಕೆ? ನನಗೆ ಹಾಗೆನಿಸುವುದಿಲ್ಲ. ಅಜ್ಜಿ ಅಜ್ಜಿಯೇ. ಆದರೆ ಆ ಫೋಟೊ ಯಾಕೆ ತೆಗೆಯಲಾಯಿತು ಎಂಬುದನ್ನು ಅದರ ಬೆನ್ನ ಮೇಲೆ ಬರೆದಿಡಬೇಕು.

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ. ಒಂದು, ಅಜ್ಜ ಮಾಡಿದ್ದಕ್ಕೆ ಮೊಮ್ಮಗ ಹೊಣೆಯೇ? ಖಂಡಿತ ಅಲ್ಲ. ಯಾರ ಪಾಪದ ಹೊರೆಯನ್ನೂ ಇನ್ನೊಬ್ಬರು ಹೊರುವುದಿಲ್ಲ. ಆದರೆ ಅದೇ ನ್ಯಾಯದಿಂದ ಅಜ್ಜನ ಶೌರ್ಯಕ್ಕೂ ಮೊಮ್ಮಗ ಹಕ್ಕುದಾರನಲ್ಲ. ಅಜ್ಜ ಹಿಮದಲ್ಲಿ ದುಡಿದದ್ದು ನನ್ನದು, ಅಜ್ಜನಿಗೆ ಜಮೀನು ಹೇಗೆ ಬಂತೆಂಬುದು ನನ್ನದಲ್ಲ ಎನ್ನುವುದು ಯಾವ ಲೆಕ್ಕ? ಆಸ್ತಿ ಹಂಚಿಕೊಳ್ಳುವ ಮೊದಲು ಸತ್ತವರ ಸಾಲ ತೀರಿಸಬೇಕೆಂಬುದು ಹಿರಿಯರು ಹೇಳಿಕೊಂಡು ಬಂದ ಮಾತು. ಸಾಲ ಮಾಡಿದ್ದು ನಾವಲ್ಲ ನಿಜ, ಮನೆಯಲ್ಲಿ ವಾಸವಾಗಿರುವವರು ನಾವು.

ಎರಡು, ಅವರು ಬಡವರು, ಏನೂ ತಿಳಿಯದವರು ಎಂಬುದು. ಇದು ಸತ್ಯ. ಆದ್ದರಿಂದಲೇ ಅವರನ್ನು ಕಟಕಟೆಗೆ ನಿಲ್ಲಿಸುವ ಹಕ್ಕು ನಮಗಿಲ್ಲ. ಆದರೆ ಅವರ ಅಜ್ಞಾನ ಅವರಿಗೆ ರಕ್ಷೆಯಾಗಬಹುದು, ಎಲ್ಲ ದಾಖಲೆ ಕೈಯಲ್ಲಿರುವ ನಮಗೆ ಅಲ್ಲ. ಅವರು ಕೇಳದೆ ಬಿಟ್ಟದ್ದು ಹಸಿವಿನಿಂದ. ನಾವು ಕೇಳದೆ ಬಿಟ್ಟರೆ ಅದು ಬೇರೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಹಿಂದಕ್ಕೆ ಹೋದರೆ ಜಗತ್ತಿನಲ್ಲಿ ಯಾರೂ ಮೊದಲಿನವರಲ್ಲ. ಎಲ್ಲರೂ ಯಾರದೋ ನೆಲದ ಮೇಲೆ ನಿಂತವರೇ. ಹಾಗಿದ್ದ ಮೇಲೆ ಈ ಪ್ರಶ್ನೆಗೆ ಕೊನೆಯೆಲ್ಲಿ? ಇದರ ಜೊತೆ ಇನ್ನೊಂದು ಅಪಾಯವೂ ಇದೆ. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬ ಪ್ರಶ್ನೆಯಿಂದ ಎಷ್ಟು ಮನೆಗಳು ಸುಟ್ಟಿವೆ ಎಂಬುದನ್ನು ನಮ್ಮ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾಜಿಗಳು ಕೇಳಿದ್ದೂ ವಂಶದ ಪ್ರಶ್ನೆಯನ್ನೇ. ಸ್ಟಾಲಿನ್ ನೋಡಿದ್ದೂ ಅಜ್ಜನ ಊರನ್ನೇ.

ಇದಕ್ಕೆ ನನಗೆ ತೋಚಿದ ಉತ್ತರ ಇಷ್ಟು. ಪ್ರಶ್ನೆ ಒಂದೇ, ಆದರೆ ಯಾರು ಯಾರನ್ನು ಕೇಳುತ್ತಾರೆ ಎಂಬುದು ಮುಖ್ಯ. ನೀನು ಎಲ್ಲಿಂದ ಬಂದವನು, ದಾಖಲೆ ತೋರಿಸು ಎಂದು ನೆರೆಯವನನ್ನು ಕೇಳಿದರೆ ಅದು ದೊಣ್ಣೆ. ನಾನು ಬಂದಾಗ ಇಲ್ಲಿ ಯಾರಿದ್ದರು ಎಂದು ನನ್ನನ್ನೇ ಕೇಳಿಕೊಂಡರೆ ಅದು ನ್ಯಾಯದ ಮೊದಲ ಹೆಜ್ಜೆ. ಕೊನೆಯೆಲ್ಲಿ ಎಂಬುದಕ್ಕೂ ಉತ್ತರ ಅಷ್ಟು ಕಷ್ಟವಲ್ಲ. ಕಳಕೊಂಡವರ ಮಕ್ಕಳು ಇನ್ನೂ ಬದುಕಿದ್ದು, ಬಾಗಿಲಲ್ಲಿ ನಿಂತು ಕೇಳುತ್ತಿರುವಷ್ಟು ಕಾಲ ಪ್ರಶ್ನೆ ಮುಗಿದಿಲ್ಲ.

ಇದು ಬರಿಯ ಉಪದೇಶವಲ್ಲ, ಪ್ರೇರಿಯಲ್ಲೇ ನಡೆದು ತೋರಿಸಿದ ಸಂಗತಿ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಲೇರ್ಡ್ ಎಂಬ ಊರಿನ ಬಳಿ ಸ್ಟೋನಿ ನೋಲ್ ಎಂಬ ದಿಬ್ಬವಿದೆ. 1876ರ ಆರನೆಯ ಒಪ್ಪಂದದ ಪ್ರಕಾರ ಕ್ರೀ ಜನಾಂಗದ ಯಂಗ್ ಚಿಪ್ಪೆವಯನ್ ಎಂಬ ಗುಂಪಿಗೆ ಅಲ್ಲಿ ಸುಮಾರು 30 ಚದರ ಮೈಲಿ ಮೀಸಲು ನೆಲ ಸಿಕ್ಕಿತು. ಕಾಡೆಮ್ಮೆಗಳು ಅಳಿದು ಹಸಿವು ತಾಳಲಾರದೆ ಅವರು ಅನ್ನ ಹುಡುಕಿ ಬೇರೆಡೆಗೆ ಹೋದರು. 1897ರಲ್ಲಿ ಸರಕಾರ ಅವರನ್ನು ಕೇಳದೆ, ಒಂದು ಕಾಸೂ ಕೊಡದೆ ಆ ನೆಲವನ್ನು ವಾಪಸು ತೆಗೆದುಕೊಂಡು ಜರ್ಮನ್ ಮಾತಾಡುವ ಮೆನೊನೈಟರಿಗೂ ಲೂಥರನ್ನರಿಗೂ ಹಂಚಿತು. 1976ರಲ್ಲಿ, ಒಪ್ಪಂದಕ್ಕೆ ನೂರು ವರ್ಷವಾದಾಗ, ಆ ಗುಂಪಿನ ಸಂತತಿಯವರು ಲೇರ್ಡ್‌ಗೆ ಬಂದು ಈ ನೆಲ ನಮ್ಮದಾಗಿತ್ತು ಎಂದರು. ರೈತರು ನಡುಗಿದರು. ಮೂರು ತಲೆಮಾರಿನ ದುಡಿಮೆಯನ್ನು ಕಳಕೊಳ್ಳುವ ಭಯ ಯಾರಿಗಿರದು?

ಮೂವತ್ತು ವರ್ಷಗಳ ಬಳಿಕ, 2006ರ ಆಗಸ್ಟಿನಲ್ಲಿ, ಅದೇ ದಿಬ್ಬದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಕುಳಿತರು. ನಿಮ್ಮನ್ನು ಮನೆಯಿಂದ ಎಬ್ಬಿಸಲು ನಾವು ಬಂದಿಲ್ಲ, ಎಬ್ಬಿಸಿದರೆ ಹೇಗಿರುತ್ತದೆಂದು ನಮಗೆ ಗೊತ್ತು ಎಂಬುದು ಕ್ರೀ ಜನರ ನಿಲುವಾಗಿತ್ತು. ಅವರ ಬೇಡಿಕೆ ಸರಕಾರದ ಮೇಲೆ. ನಿಮ್ಮ ಬೇಡಿಕೆ ನ್ಯಾಯವಾದದ್ದು, ನಾವೂ ನಿಮ್ಮ ಜೊತೆ ಕೇಳುತ್ತೇವೆ ಎಂದು ಮೆನೊನೈಟ್ ಮತ್ತು ಲೂಥರನ್ ಚರ್ಚಿನವರು ಸಹಿ ಹಾಕಿದರು. ಆದರೆ ಅಡ್ಡಿಯೊಂದಿತ್ತು. ಚದುರಿಹೋದ ಆ ಗುಂಪಿನ ನಿಜವಾದ ವಾರಸುದಾರರು ಯಾರೆಂದು ಮೊದಲು ಸಾಬೀತು ಮಾಡಿ ಎಂದಿತು ವ್ಯವಸ್ಥೆ. ಹಸಿವಿನಿಂದ ಊರೂರು ಅಲೆದವರ ಬಳಿ ಚರ್ಚಿನ ರಿಜಿಸ್ಟರ್ ಎಲ್ಲಿಂದ ಬರಬೇಕು? ಆಗ ಆ ನೆಲದಲ್ಲಿ ನೆಲೆಸಿದವರ ಮೊಮ್ಮಕ್ಕಳು, ಅವರ ಚರ್ಚಿನ ಬಂಧುಗಳು ಹಣ ಕೂಡಿಸಿ ಕ್ರೀ ಜನರ ವಂಶಾವಳಿಯನ್ನು ಹುಡುಕುವ ಕೆಲಸಕ್ಕೆ ನೆರವಾದರು. ಈ ಕಥೆಯ ಮೇಲೆ 2016ರಲ್ಲಿ 'ರಿಸರ್ವ್ 107' ಎಂಬ ಸಾಕ್ಷ್ಯಚಿತ್ರವೂ ಬಂದಿದೆ.

ಈ ಘಟನೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಒಂದು ಕಾಲದಲ್ಲಿ ಸ್ಟುಂಪ್ ಎಂಬಾತ ತನ್ನ ರಕ್ತದವರನ್ನು ಮಾತ್ರ ಎಣಿಸಲು ಹಳ್ಳಿಹಳ್ಳಿ ತಿರುಗಿದ. ಅದೇ ಜನರ ಕುಡಿಗಳು ಇನ್ನೊಂದು ಕಾಲದಲ್ಲಿ, ತಮ್ಮ ರಕ್ತದವರಲ್ಲದವರ ಅಜ್ಜಂದಿರನ್ನು ಹುಡುಕಿಕೊಟ್ಟರು. ತಮ್ಮ ಜಮೀನಿನ ಮೇಲೆ ಇನ್ನೊಬ್ಬರ ಹಕ್ಕು ಇತ್ತೆಂದು ರುಜುವಾತಾಗುವ ಕೆಲಸಕ್ಕೆ ತಮ್ಮ ಕಿಸೆಯಿಂದ ಹಣ ಕೊಟ್ಟರು. ವಂಶ ಹುಡುಕುವ ವಿದ್ಯೆ ಎರಡೂ ಕಡೆ ಒಂದೇ.

ನಮ್ಮ ಮನೆಗಳಲ್ಲೂ ಅರ್ಧ ಕಥೆಗಳಿವೆ. ಅಜ್ಜ ಹೇಗೆ ಬಂದ, ಎಷ್ಟು ಕಷ್ಟಪಟ್ಟ ಎಂಬ ಭಾಗ ಎಲ್ಲರಿಗೂ ಬಾಯಿಪಾಠ. ಅದನ್ನು ಮಕ್ಕಳಿಗೆ ಹೇಳಬೇಕು, ಖಂಡಿತ ಹೇಳಬೇಕು. ಉಳಿದರ್ಧವನ್ನು ನಾವೇ ಕಟ್ಟಿಬಿಡಬಹುದೆಂದು ಆರಂಭದಲ್ಲಿ ತಮಾಷೆಗೆ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧ ನಮ್ಮ ಕಲ್ಪನೆಯಲ್ಲಿಲ್ಲ. ಅದು ನದಿಯ ಆಚೆ ದಂಡೆಯವರ ಬಳಿ ಇದೆ. ಹೋಗಿ ಕೇಳಬೇಕು, ಅಷ್ಟೆ.